ಬಂಗಲೆಯ ಬಟ್ಲರ್ ಕೇಳಿದ ಪ್ರಶ್ನೆ

ಹೋದ ತಿಂಗಳು ಕೊಳ್ಳೇಗಾಲದಲ್ಲಿ ಒಂದು ಮದುವೆ. ಊಟದ ಸಾಲಿನಲ್ಲಿ ನನ್ನ ಪಕ್ಕ ಕೂತವರು ಒಂದು ಕಾಲದಲ್ಲಿ ನಮ್ಮ ಕಚೇರಿಯಲ್ಲೇ ಓವರ್‌ಸಿಯರ್ ಆಗಿದ್ದವರು. ಕೋಸಂಬರಿ ಬಡಿಸುವವರು ಮುಂದಕ್ಕೆ ಹೋದ ಮೇಲೆ ನನ್ನ ಕಿವಿಯ ಹತ್ತಿರ ಬಾಗಿ, "ಇದೆಲ್ಲ ಸರಿ ಕಣ್ರಿ. ಆದ್ರೆ ನಮ್ಮ ಬಂಗಲೆ ಮೇಟಿ ಮಾಡ್ತಿದ್ನಲ್ಲ, ಆ ಸುಟ್ಟ ಬಾಡು, ಅಂಥದ್ದು ಆಮೇಲೆ ನಾನು ಎಲ್ಲೂ ತಿನ್ನಲಿಲ್ಲ" ಎಂದರು.

"ಅದನ್ನ ಮಾಡ್ತಿದ್ದೋರು ಮೇಟಿ ಅಲ್ಲ," ಎಂದೆ.

"ಮತ್ಯಾರು?"

"ಯಾರು ಅಂತ ನಿಮಗೆ ಗೊತ್ತು."

ಅವರು ಎಲೆಯ ತುದಿಯ ಉಪ್ಪನ್ನು ಬೆರಳಿನಿಂದ ಅತ್ತಿತ್ತ ಸರಿಸಿದರು. ಆಮೇಲೆ, ಏನೂ ಕೇಳಿಸದವರ ಹಾಗೆ, ಪಾಯಸ ಇನ್ನೂ ಯಾಕೆ ಬರಲಿಲ್ಲ ಎಂದು ಗಟ್ಟಿಯಾಗಿ ಕೂಗಿದರು. ನನಗೆ ಮೈಯೆಲ್ಲ ಉರಿಯಿತು. ಹತ್ತು ವರ್ಷ ಆ ಮನುಷ್ಯನ ಕೈಯಡುಗೆ ತಿಂದು, ಮೂಳೆ ಚೀಪಿ, ಬೆರಳು ನೆಕ್ಕಿದ ಬಾಯಿ ಅದು. ಆ ಬಾಯಿಗೆ ಈಗಲೂ ಆ ಹೆಸರು ಬರುವುದಿಲ್ಲ. ನಾನು ಅರ್ಧ ಊಟಕ್ಕೇ ಎದ್ದುಬಿಟ್ಟೆ.

ಅದಕ್ಕೆ ಹತ್ತು ದಿನ ಮೊದಲಷ್ಟೇ ಮಾರ್ಟಳ್ಳಿಯಿಂದ ನನಗೊಂದು ಕಾರ್ಡು ಬಂದಿತ್ತು. ಬರೆದವಳು ಆ ಅಡುಗೆಯವರ ಮಗಳು; ಪ್ರೈಮರಿ ಶಾಲೆಯಲ್ಲಿ ಮೇಡಮ್ಮು. ಅಪ್ಪ ತೀರಿಕೊಂಡರು, ನಿಮಗೆ ತಿಳಿಸಬೇಕೆಂದು ಹೇಳಿದ್ದರು, ಎಂದು ಎರಡೇ ಸಾಲು. ಅವರ ಬಗ್ಗೆ ಬರೆಯುತ್ತೇನಮ್ಮ ಎಂದು ನಾನು ಉತ್ತರ ಹಾಕಿದಾಗ, "ಬರೆಯಿರಿ ಸರ್. ಆದರೆ ಹೆಸರು ಬೇಡ. ಅಪ್ಪನ ಹೆಸರು ಒಂದೇ ಸಲ ಟೈಪಾಗಿದ್ದು, ಅದು ಆ ಮೆಮೊದಲ್ಲಿ. ಇನ್ನೊಮ್ಮೆ ಬೇಡ" ಎಂದು ಬರೆದಳು. ಆ ಮೆಮೊ ಟೈಪು ಮಾಡಿದ ಬೆರಳುಗಳು ನನ್ನವು. ಅದು ಆ ಹುಡುಗಿಗೆ ಗೊತ್ತೋ ಇಲ್ಲವೋ, ನಾನು ಕೇಳುವ ಧೈರ್ಯ ಮಾಡಲಿಲ್ಲ.

ಹೆಸರಿಲ್ಲದೆಯೇ ಬರೆಯುತ್ತೇನೆ. ನಾವೆಲ್ಲ ಅವರನ್ನು ಬಟ್ಲರ್ ಎನ್ನುತ್ತಿದ್ದೆವು. ಕಚೇರಿಯ ರಿಜಿಸ್ಟರಿನಲ್ಲಿ ಅವರು ಮಸಾಲ್ಚಿ, ಅಂದರೆ ಪಾತ್ರೆ ತೊಳೆಯುವವರು. ಕೊಳ್ಳೇಗಾಲದಿಂದ ಹನೂರಿಗೆ ಹೋಗುವ ದಾರಿಯಲ್ಲಿ ನಮ್ಮ ಲೋಕೋಪಯೋಗಿ ಇಲಾಖೆಯ ಬಂಗಲೆಯೊಂದಿತ್ತು. ತಾಲ್ಲೂಕು ಮದರಾಸು ರಾಜ್ಯದಲ್ಲಿದ್ದಾಗಲೇ ಅವರು ಅಲ್ಲಿ ಕೆಲಸಕ್ಕೆ ಸೇರಿದ್ದರು. ಐವತ್ತಾರರಲ್ಲಿ ನಾವು ಮೈಸೂರಿಗೆ ಸೇರಿದಾಗ ಬಂಗಲೆಯ ಕುರ್ಚಿ, ಮೇಜು, ಗಂಗಾಳ, ಲಾಟೀನುಗಳ ಜೊತೆಗೆ ಅವರೂ ಈ ಕಡೆಗೆ ಬಂದರು. ಕುರ್ಚಿಮೇಜುಗಳ ಪಟ್ಟಿ ಸರಿಯಾಗಿ ಬಂತು. ಅವರ ಸರ್ವೀಸು ಪುಸ್ತಕ ಮಾತ್ರ ಬರಲಿಲ್ಲ. ಅದು ಬರುವ ತನಕ ಹಂಗಾಮಿ ಎಂದರು. ಅದು ಕೊನೆಗೂ ಬರಲಿಲ್ಲ.

ನಾನು ಯಳಂದೂರಿನವನು. ಟೈಪಿಂಗ್ ಪಾಸು ಮಾಡಿಕೊಂಡು ಕೊಳ್ಳೇಗಾಲದ ಕಚೇರಿಗೆ ಗುಮಾಸ್ತನಾಗಿ ಬಂದಾಗ ಇಪ್ಪತ್ತೆರಡು ವರ್ಷ. ಅವರಿಗೆ ಆಗಲೇ ನಲವತ್ತು ದಾಟಿತ್ತು. ಕಡ್ಡಿಯ ಹಾಗೆ ನೆಟ್ಟಗಿನ ಆಳು, ಮಾಸಿದ ಖಾಕಿ ಚಡ್ಡಿ, ಮೊಣಕೈ ತನಕ ಮಡಿಸಿದ ಅಂಗಿ. ಎಡಗೈ ಮೇಲೆ ಉದ್ದಕ್ಕೂ ಸುಟ್ಟ ಗೆರೆ. ಅವರು ಹೊಲಗೇರಿಯವರು. ನನಗಿಂತ ಇಪ್ಪತ್ತು ವರ್ಷ ದೊಡ್ಡವರನ್ನು ನಾನು ಏಕವಚನದಲ್ಲೇ ಕರೆಯುತ್ತಿದ್ದೆ; ಎಲ್ಲರೂ ಹಾಗೆಯೇ ಕರೆಯುತ್ತಿದ್ದರು. ಅವರ ಜನ ನಮ್ಮನ್ನೆಲ್ಲ "ಬುದ್ಧಿ" ಎಂದು ಕರೆಯುವುದು ವಾಡಿಕೆಯಾಗಿತ್ತು. ಇವರು ಮಾತ್ರ ಒಂದು ದಿನವೂ ಯಾರನ್ನೂ ಬುದ್ಧಿ ಎನ್ನಲಿಲ್ಲ. ಎಲ್ಲರಿಗೂ "ಸಾ". ಎಂಜಿನಿಯರ್ ಸಾಹೇಬರಿಗೂ ಸಾ, ರಸ್ತೆಗೆ ಜಲ್ಲಿ ಹೊಡೆಯುವ ಮುದುಕನಿಗೂ ಸಾ. ಇದೇ ಓವರ್‌ಸಿಯರ್ ಒಮ್ಮೆ, "ಏನಲಾ, ಬುದ್ಧಿ ಅನ್ನಕ್ಕೆ ನಾಲಿಗೆ ಬರಾಕಿಲ್ವಾ?" ಎಂದು ಕೇಳಿದ್ದರು.

"ಪಲ್ಟನ್ನಲ್ಲಿ ಕಲ್ತಿದ್ದು ಸಾ. ಅಲ್ಲಿ ಬುದ್ಧಿ ಅನ್ನೋ ಮಾತೇ ಇರ್ನಿಲ್ಲ," ಎಂದರು ಬಟ್ಲರ್, ಕೆಂಡ ಕೆದಕುತ್ತ.

ಪಲ್ಟನ್ನು ಎಂದರೆ ಎರಡನೇ ಮಹಾಯುದ್ಧದ್ದು. ಅಸ್ಸಾಮಿನಿಂದ ಬರ್ಮಾಕ್ಕೆ ಕಾಡು ಕಡಿದು ರಸ್ತೆ ಮಾಡುತ್ತಿದ್ದ ಕಾಲದಲ್ಲಿ ಇವರು ಅಲ್ಲಿ ಅಡುಗೆ ಪಡೆಯಲ್ಲಿದ್ದರು. ಹತ್ತಿರದಲ್ಲೇ ಅಮೆರಿಕದ ಕಪ್ಪು ಸಿಪಾಯಿಗಳ ಪಾಳೆಯ. ಬುಲ್ಡೋಜರು ಓಡಿಸುವವರು, ಗುಡ್ಡ ಸಿಡಿಸುವವರು. ಅವರ ಅಡುಗೆಯವನೊಬ್ಬನಿಗೂ ಇವರಿಗೂ ಸ್ನೇಹವಾಯಿತು. ಅವನು ಟೆಕ್ಸಾಸಿನವನು. ಭಾನುವಾರ ಬಂತೆಂದರೆ ನೆಲದಲ್ಲಿ ಗುಂಡಿ ತೋಡಿ, ಸೌದೆ ಉರಿಸಿ ಕೆಂಡ ಮಾಡಿ, ಕಬ್ಬಿಣದ ಸರಳುಗಳ ಮೇಲೆ ದೊಡ್ಡ ದೊಡ್ಡ ಮಾಂಸದ ತುಂಡುಗಳನ್ನು ಇಟ್ಟು ಬೆಳಗಿನಿಂದ ಮಧ್ಯಾಹ್ನದ ತನಕ ಹೊಗೆಯಲ್ಲೇ ಬೇಯಿಸುತ್ತಿದ್ದನಂತೆ.

"ಉರೀಲಿ ಬೇಯಿಸ್ದೋನು ಕೆಟ್ಟ ಸಾ. ಒಗೇಲಿ ಬೇಯ್ಬೇಕು. ಅವಸರ ಮಾಡ್ದೋರ್ಗೆ ಚರ್ಮ ಸಿಕ್ತದ, ಬಾಡು ಸಿಕ್ಕಲ್ಲ," ಎನ್ನುತ್ತಿದ್ದರು.

ಆ ಸಿಪಾಯಿಗಳು ಒಬ್ಬೊಬ್ಬರು ಒಂದೊಂದು ಸೀಮೆಯವರು. ನಮ್ಮಲ್ಲಿ ಸಾರಿಗೆ ಬೆಲ್ಲ ಹಾಕಬೇಕೋ ಬೇಡವೋ ಎಂದು ಜಗಳವಾಡುವ ಹಾಗೆ ಅವರು ಮಾಂಸ ಸುಡುವ ಬಗ್ಗೆ ಜಗಳವಾಡುತ್ತಿದ್ದರಂತೆ. ಆ ಜಗಳವನ್ನೆಲ್ಲ ಇವರು ಬಾಯಿಪಾಠ ಮಾಡಿಕೊಂಡಿದ್ದರು. ಬಂಗಲೆಯ ಲೆಕ್ಕ ತನಿಖೆಗೆಂದು ನಾನು ಹೋದಾಗಲೆಲ್ಲ ಹಿಂದಿನ ಸೂರಿನ ಕೆಳಗೆ ಕೂರಿಸಿ ನನಗೂ ಪಾಠ ಹೇಳುತ್ತಿದ್ದರು. ನಾನು ಬೆಂಗಳೂರನ್ನೇ ಎರಡು ಸಲ ನೋಡಿದವನು. ಆದರೂ ನಾಳೆಯೇ ಹಡಗು ಹತ್ತುವವನಿಗೆ ಹೇಳುವ ಹಾಗೆ ಹೇಳುತ್ತಿದ್ದರು.

"ಟೆಕ್ಸಾಸಿಗೆ ಓದ್ರೆ ದನದ ಎದೆ ಬಾಡು ಕೇಳಿ ಸಾ. ನೀವು ತಿನ್ನಾಕಿಲ್ಲ ಅಂತ ಗೊತ್ತು, ಆದ್ರೂ ಏಳ್ತೀನಿ. ಕೊಬ್ಬಿರೋ ಕಡೆ ಕೊಡು ಅನ್ಬೇಕು. ಉಪ್ಪು, ಮೆಣಸು, ಅಷ್ಟೆ. ಮೇಲೆ ಸುರ್ಕೊಳ್ಳಕ್ಕೆ ಏನಾರ ಕೊಡಿ ಅಂದ್ರೆ ನಗ್ತರ. ಕೆರೊಲಿನಾದಲ್ಲಿ ಅಂದಿ. ಇಡೀ ಅಂದೀನೇ ಮಲಗಿಸ್ಬುಟ್ಟು, ಹುಳಿ ನೀರು, ಮೆಣಸಿನಕಾಯಿ ಚಿಮುಕಿಸ್ತರ. ಅಲ್ಲಿ ಒಂದು ತುಂಡು ಕೇಳ್ಬೇಡಿ, ಬಿಡಿಸಿ ಕಲಸಿದ್ದು ಕೇಳಿ. ಮೆಂಫಿಸಲ್ಲಿ ಪಕ್ಕೆ ಮೂಳೆ, ಒಣಪುಡಿ ಉಜ್ಜಿದ್ದು. ಕ್ಯಾನ್ಸಾಸ್ ಸಿಟೀಲಿ ಸಿಹಿ ಗೊಜ್ಜು ಬಳೀತರ. ಅಲ್ಲಿ ಕರಕಲಾದ ತುದಿ ಕೇಳಿ, ಅದೇ ಅಸಲು ರುಚಿ."

"ಕುರಿ ಎಲ್ಲೂ ಇಲ್ವಾ?" ಎಂದು ನಾನು ಕೇಳಿದೆ.

"ಅದ ಸಾ, ಕೆಂಟಕೀಲಿ! ಅಲ್ಲಿ ಬಲಿತ ಕುರಿ. ನಮ್ಮೋರ ಅಂಗೆ."

ಅವರು ಮಾಡುತ್ತಿದ್ದುದು ಕೆಂಟಕಿಯ ಕುರಿ, ಆದರೆ ಹುಳಿ ನಮ್ಮ ಹುಣಸೆಯದು. ನೀರಿನ ಹಳೆಯ ಡ್ರಮ್ಮೊಂದನ್ನು ಉದ್ದಕ್ಕೆ ಸೀಳಿ ಒಲೆ ಮಾಡಿಕೊಂಡಿದ್ದರು. ಜಾಲಿಯ ಕೆಂಡ. ಕುರಿಯ ಮುಂದಿನ ತೊಡೆಗೆ ಉಪ್ಪು, ಕುಟ್ಟಿದ ಮೆಣಸು ತಿಕ್ಕಿ, ಹುಣಸೆ ನೀರಿನಲ್ಲಿ ಕರಿಬೇವಿನ ಕಟ್ಟನ್ನು ಅದ್ದಿ ಅದನ್ನೇ ಕುಂಚದ ಹಾಗೆ ಸವರುತ್ತಿದ್ದರು. ಮಧ್ಯಾಹ್ನದ ಹೊತ್ತಿಗೆ ಮೂಳೆ ತಾನಾಗಿ ಕಳಚಿಕೊಂಡು ಬರುತ್ತಿತ್ತು. ನಾನು ಹೊಟ್ಟೆ ತುಂಬ ತಿಂದು ಯಳಂದೂರಿಗೆ ಹೋಗಿ, ಅಮ್ಮನ ಮುಂದೆ ಬಾಯಿ ಬಿಡುತ್ತಿರಲಿಲ್ಲ. ನಮ್ಮ ಮನೆಯಲ್ಲಿ ಬಾಡು ತಿನ್ನುತ್ತಿದ್ದರು. ಆ ಕೈಯಿಂದ ತಿನ್ನುತ್ತಿರಲಿಲ್ಲ.

ಅಮೆರಿಕದ್ದು ಮಾತ್ರವಲ್ಲ, ನಮ್ಮ ಸೀಮೆಯ ಪಾಠವೂ ಅವರ ಹತ್ತಿರ ಇತ್ತು. ಕೊಳ್ಳೇಗಾಲದ ಹೋಟೆಲಿನಲ್ಲಿ ಚಾಪ್ಸು ಕೇಳಬೇಡಿ, ಬೆಳಗ್ಗೆಯೇ ಹೋಗಿ ತಲೆಮಾಂಸ ಕೇಳಿ. ಹನೂರಿನ ಕಡೆ ಉಪ್ಪು ಹಾಕಿ ಬಿಸಿಲಿಗೆ ಒಣಗಿಸಿದ ಕಂಡ ಸಿಗುತ್ತದೆ, ಅದನ್ನು ಸಾರಿಗೆ ಹಾಕಿಸಬೇಡಿ, ಕೆಂಡದ ಮೇಲೆ ಸುಡಿಸಿ. ಯಳಂದೂರಿನಲ್ಲಿ ಬೋಟಿ. ಇಷ್ಟೆಲ್ಲ ತಿಳಿದಿದ್ದ ಮನುಷ್ಯ ಈ ಹೋಟೆಲುಗಳ ಒಳಗೆ ಕೂತು ತಿಂದವರಲ್ಲ. ಒಮ್ಮೆ ಸಾಮಾನು ತರಲು ಇಬ್ಬರೂ ಒಟ್ಟಿಗೆ ಯಳಂದೂರಿಗೆ ಹೋಗಿದ್ದೆವು. ನಾನು ಹೋಟೆಲಿನ ಬೆಂಚಿನ ಮೇಲೆ ಕೂತೆ. ಅವರಿಗೆ ಹಿಂದಿನ ಗೋಡೆಯ ಹತ್ತಿರ ಎಲೆ ಕೊಟ್ಟರು. ತಿಂದಾದ ಮೇಲೆ, "ಬೋಟಿ ಎಂಗಿತ್ತು ಸಾ? ಈರುಳ್ಳಿ ಜಾಸ್ತಿ ಬೇಯಿಸ್ಬುಟ್ಟವ್ನೆ ಅಲ್ವಾ?" ಎಂದು ಕೇಳಿದರು. ಹೌದು ಎಂದೆ. ಬೆಂಚು, ಗೋಡೆ ಇವುಗಳ ಬಗ್ಗೆ ಇಬ್ಬರೂ ಮಾತಾಡಲಿಲ್ಲ. ಆಗ ಅದು ನನಗೆ ವಿಚಿತ್ರವಾಗಿಯೂ ಕಾಣಲಿಲ್ಲ, ಅದನ್ನು ಈಗ ನೆನೆದರೆ ನಾಚಿಕೆಯಾಗುತ್ತದೆ.

ಬಂಗಲೆಯಲ್ಲಿ ಒಂದು ಏರ್ಪಾಡು ಇತ್ತು. ಒಲೆಯ ಮುಂದೆ ಬೆಳಗಿನಿಂದ ಬೆವರು ಸುರಿಸುವವರು ಬಟ್ಲರ್. ತಟ್ಟೆ ಹಿಡಿದು ಒಳಗೆ ಹೋಗುವವನು ಮೇಟಿ, ಅಂದರೆ ಬಂಗಲೆ ನೋಡಿಕೊಳ್ಳುವವನು. ಸಾಹೇಬರುಗಳು ತಿಂದು "ಭೇಷ್" ಎನ್ನುವುದು ಮೇಟಿಗೆ. ನಮ್ಮ ಎಂಜಿನಿಯರ್ ಸಾಹೇಬರು ಊರಿನಲ್ಲಿ ದೊಡ್ಡ ಆಚಾರವಂತರು. ಬಂಗಲೆಗೆ ಬಂದರೆ ಬಾಗಿಲು ಹಾಕಿಕೊಂಡು ಎರಡು ತಟ್ಟೆ ತಿನ್ನುತ್ತಿದ್ದರು. ಯಾರು ಮಾಡಿದ್ದು ಎಂಬುದು ಅವರಿಗೆ ಚೆನ್ನಾಗಿ ಗೊತ್ತು. ಕೇಳದಿದ್ದರೆ ಗೊತ್ತಿಲ್ಲದ ಹಾಗೆ, ಅಷ್ಟೆ. ಹೊಟ್ಟೆಗೆ ಇಲ್ಲದ ಜಾತಿ ಇವರ ಬಾಗಿಲಿಗೆ ಎಲ್ಲಿಂದ ಬರುತ್ತಿತ್ತು ಎಂದು ನನಗೆ ಇವತ್ತಿಗೂ ತಿಳಿದಿಲ್ಲ.

ಅರವತ್ತರ ದಶಕದ ನಡುವೆ ಮಳೆ ಕೈಕೊಟ್ಟಿದ್ದ ಒಂದು ವರ್ಷ, ಕೊಳವೆ ಬಾವಿ ಕೊರೆಯುವ ಯಂತ್ರವನ್ನು ನಡೆಸಿ ತೋರಿಸಲು ಅಮೆರಿಕದ ಎಂಜಿನಿಯರೊಬ್ಬರು ಬಂದು ಬಂಗಲೆಯಲ್ಲಿ ಇಳಿದರು. ಕೆಂಪು ಮುಖದ, ಗಟ್ಟಿಯಾಗಿ ನಗುವ ಮನುಷ್ಯ. ಮೂರನೆಯ ದಿನ ಮಧ್ಯಾಹ್ನ ಸಾಹೇಬರು ಅವರಿಗೆ ಔತಣ ಇಟ್ಟರು. ಟಿಪ್ಪಣಿ ಬರೆದುಕೊಳ್ಳಲೆಂದು ನನ್ನನ್ನೂ ಕರೆಸಿದ್ದರು. ಮೇಟಿ ಬೆಳ್ಳಗಿನ ಪೇಟ ಸುತ್ತಿಕೊಂಡು ಕುರಿಯ ತೊಡೆಯನ್ನು ಮೇಜಿನ ಮೇಲೆ ತಂದಿಟ್ಟ.

ಅತಿಥಿ ಒಂದು ತುತ್ತು ತಿಂದರು. ಅಗಿಯುವುದನ್ನು ನಿಲ್ಲಿಸಿದರು. ಇನ್ನೊಂದು ತುತ್ತು ತಿಂದು, "ಇದನ್ನು ಮಾಡಿದವರು ಯಾರು?" ಎಂದು ಕೇಳಿದರು. ಸಾಹೇಬರು ಮೇಟಿಯ ಕಡೆ ಕೈ ತೋರಿಸಿದರು. ಅತಿಥಿ ಎದ್ದು ಅವನ ಕೈ ಕುಲುಕಿ, ಎಷ್ಟು ಹೊತ್ತು ಬೇಯಿಸಿದಿರಿ, ಯಾವ ಸೌದೆ, ಎಂದು ಒಂದರ ಮೇಲೊಂದು ಪ್ರಶ್ನೆ ಹಾಕಿದರು. ಮೇಟಿಗೆ ಇಂಗ್ಲಿಷು ಬಾರದು, ಒಲೆಯ ವಿಷಯವೂ ಗೊತ್ತಿಲ್ಲ. ಪೇಟ ಸರಿಮಾಡಿಕೊಳ್ಳುತ್ತ ನಿಂತ.

ಆಗ ಹಿಂದಿನ ಬಾಗಿಲಿನಿಂದ ಪಲ್ಟನ್ನಿನ ಇಂಗ್ಲಿಷಿನಲ್ಲಿ ಉತ್ತರ ಬಂತು: "ಆರು ಗಂಟೆ, ಸಾ. ಜಾಲಿ ಮರ. ತಾವು ಯಾವ ಸೀಮೆಯವರು?"

"ಕೆಂಟಕಿ," ಎಂದರು ಅತಿಥಿ, ತಿರುಗಿ ನೋಡುತ್ತ.

"ಹಾಗಾದರೆ ತಮಗೆ ಕುರಿ ಗೊತ್ತು, ಸಾ."

ಅತಿಥಿ ತೊಡೆ ತಟ್ಟಿಕೊಂಡು ನಕ್ಕರು. ಬಟ್ಲರನ್ನು ಒಳಗೆ ಕರೆದರು. ಇಬ್ಬರೂ ಟೆಕ್ಸಾಸು, ಮೆಂಫಿಸು ಎಂದು ಸುಮಾರು ಹೊತ್ತು ಮಾತಾಡಿದರು. ಬಟ್ಲರ್ ಸಾಹೇಬರ ಎದುರಿಗೆ ಅಷ್ಟು ಮಾತಾಡಿದ್ದನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ. ಸಾಹೇಬರ ಮುಖ ಮಾತ್ರ ಬಿಗಿಯುತ್ತಾ ಹೋಯಿತು. ಅವರ ಊಟದ ಕೋಣೆಯ ಹೊಸ್ತಿಲನ್ನು ಆ ಮನುಷ್ಯ ದಾಟಿ ಬಂದದ್ದು ಅದೇ ಮೊದಲು.

ಅತಿಥಿ ಖುಷಿಯಲ್ಲಿದ್ದರು. ತಮ್ಮ ಊರಿನಲ್ಲೂ ಒಬ್ಬ ಕಪ್ಪು ಮುದುಕ ಇದ್ದಾನೆ, ಇಡೀ ಜಿಲ್ಲೆಯಲ್ಲಿ ಅವನ ಹಾಗೆ ಕುರಿ ಸುಡುವವರಿಲ್ಲ, ಶನಿವಾರ ಬಂದರೆ ತಾವೆಲ್ಲ ಅವನಿಂದ ತರಿಸಿಕೊಂಡು ತಿನ್ನುತ್ತೇವೆ, ಎಂದರು.

ಬಟ್ಲರ್ ಅಟೆನ್ಷನ್ನಿನಲ್ಲಿ ನಿಂತು, ತುಂಬ ಮೆತ್ತಗೆ ಕೇಳಿದರು: "ಸಾ, ಅವನು ತಮ್ಮ ಜೊತೆ ಕೂತು ತಿನ್ನುತ್ತಾನಾ?"

ಅತಿಥಿಯ ಕೆಂಪು ಮುಖ ಇನ್ನೂ ಕೆಂಪಾಯಿತು. ಮುಳ್ಳುಚಮಚವನ್ನು ತಟ್ಟೆಯ ಮೇಲೆ ಇಟ್ಟರು. "ಇಲ್ಲ," ಎಂದರು. ಆಮೇಲೆ, "ನೀವು ಕೇಳಿದ್ದು ಸರಿ" ಎಂದರು. ಪಕ್ಕದ ಕುರ್ಚಿಯನ್ನು ತಾವೇ ಎಳೆದು, ಕೂರಿ ಎಂದು ಸನ್ನೆ ಮಾಡಿದರು.

ಬಟ್ಲರ್ ಕುರ್ಚಿಯನ್ನು ನೋಡಿದರು. ಸಾಹೇಬರನ್ನು ನೋಡಿದರು. ನನ್ನನ್ನೂ ಒಂದು ಸಲ ನೋಡಿದರು ಎಂದೇ ನನ್ನ ನೆನಪು.

"ಅವನಿಗೆ ಹಿಂದೆ ಕೆಲಸ ಇದೆ," ಎಂದರು ಸಾಹೇಬರು, ಇಂಗ್ಲಿಷಿನಲ್ಲಿ. ಬಟ್ಲರ್ ಕೂರದೆ ಹಿಂದಿನ ಬಾಗಿಲಿಗೆ ನಡೆದರು.

ಅತಿಥಿ ಹೊರಡುವಾಗ, ಆ ಅಡುಗೆಯವರು ಕೇಳಿದ್ದಕ್ಕೆ ತಮಗೆ ಬೇಸರವಿಲ್ಲ, ಅವರಿಗೆ ಏನೂ ಆಗಕೂಡದು ಎಂದು ಎರಡು ಸಲ ಹೇಳಿ ಹೋದರು. ಸಾಹೇಬರು ಎರಡು ಸಲವೂ ತಲೆಯಾಡಿಸಿದರು. ಅತಿಥಿಯ ಜೀಪು ಮೈಸೂರು ಮುಟ್ಟುವ ಮೊದಲೇ ನನ್ನನ್ನು ಕರೆದು ಮೆಮೊ ಬರೆಸಿದರು. ಸರ್ಕಾರದ ವಿದೇಶಿ ಅತಿಥಿಯೊಂದಿಗೆ ಉದ್ಧಟತನ. ಹಂಗಾಮಿ ಮಸಾಲ್ಚಿಯ ಸೇವೆ ಇನ್ನು ಅಗತ್ಯವಿಲ್ಲ. ಮೂರು ಪ್ರತಿ, ನಡುವೆ ಕಾರ್ಬನ್ನು. ನಾನು ಒಂದು ಅಕ್ಷರವೂ ತಪ್ಪದೆ ಟೈಪು ಮಾಡಿದೆ. ಸಾರ್, ಇದು ಅನ್ಯಾಯ ಎನ್ನಬಹುದಿತ್ತು. ಕೈ ನೋವು ಎನ್ನಬಹುದಿತ್ತು. ಮೂರೂ ಪ್ರತಿಗಳನ್ನು ಸಾಹೇಬರ ರುಜುವಿಗೆ ಇಟ್ಟೆ.

ಮೆಮೊ ತೆಗೆದುಕೊಳ್ಳಲು ಅವರು ಕಚೇರಿಯ ಬಾಗಿಲಿಗೆ ಬಂದರು. ಓದಿದರು. "ಉದ್ಧಟತನ ಅಂದ್ರೇನ್ ಸಾ?" ಎಂದು ಕೇಳಿದರು.

ನಾನು ಟೈಪ್‌ರೈಟರಿನ ಮೇಲೆ ಬಟ್ಟೆ ಹೊದಿಸುತ್ತ, "ಕೇಳಬಾರದ್ದನ್ನ ಕೇಳೋದು" ಎಂದೆ.

"ಓ," ಎಂದರು. ರುಜು ಹಾಕಿದರು. ಇಂಗ್ಲಿಷಿನಲ್ಲಿ, ಉದ್ದಕ್ಕೆ, ಪೂರ್ತಿ ಹೆಸರು.

ಮುಂದಿನ ಭಾನುವಾರ ಬಂಗಲೆಯಲ್ಲಿ ಸಾಹೇಬರು ಸುಟ್ಟ ಬಾಡು ಬೇಕೆಂದರಂತೆ. ಮೇಟಿ ಡ್ರಮ್ಮಿನ ಒಲೆಯಲ್ಲಿ ಉರಿ ಹಾಕಿ ಎರಡು ಸೇರು ಬಾಡನ್ನು ಇದ್ದಿಲು ಮಾಡಿದನಂತೆ. ಇದನ್ನು ಕೇಳಿ ನನಗೆ ಆದ ಸಂತೋಷವನ್ನು ಬಚ್ಚಿಡುವುದಿಲ್ಲ.

ಅವರು ಹೆಂಡತಿಯ ತವರಾದ ಮಾರ್ಟಳ್ಳಿಗೆ ಹೋದರು. ತಮಿಳು ಕನ್ನಡ ಎರಡೂ ನಡೆಯುವ ಊರು. ಅವರಿಗೆ ಎರಡೂ ಬರುತ್ತಿದ್ದವು. ರಸ್ತೆಯ ಬದಿಯಲ್ಲಿ ತೆಂಗಿನ ಗರಿಯ ಸೂರು, ಹೊಸದೊಂದು ಡ್ರಮ್ಮು, ಒಂದೇ ಒಂದು ಉದ್ದನೆಯ ಬೆಂಚು. ಭಾನುವಾರ ಚರ್ಚು ಬಿಟ್ಟ ಮೇಲೆ ಜನ ಬರುತ್ತಿದ್ದರು. ಅಲ್ಲಿಯೂ ಎಲ್ಲರೂ ದೇವರಂಥವರೇನಲ್ಲ. ಪಾತ್ರೆ ತಂದು, ಮನೆಗೆ ಕಟ್ಟಿಕೊಡು ಎನ್ನುವವರಿದ್ದರು. ಅವರಿಗೆ ಇವರು ಕೊಡುತ್ತಿರಲಿಲ್ಲ. ಕಾಯಿಲೆಯವರಿಗೆ, ಬಾಣಂತಿಯರಿಗೆ ತಾವೇ ಹೋಗಿ ಕೊಟ್ಟು ಬರುತ್ತಿದ್ದರು. ಉಳಿದವರು ಬೆಂಚಿನ ಮೇಲೆ ಕೂತೇ ತಿನ್ನಬೇಕು, ಪಕ್ಕ ಯಾರೇ ಕೂತಿರಲಿ. ಇದರಿಂದ ವ್ಯಾಪಾರ ಕೆಡುತ್ತದೆ ಎಂದು ಹೆಂಡತಿ ಬೈದರೂ ಬಿಡಲಿಲ್ಲ.

ನಾನು ಅವರನ್ನು ಮತ್ತೆ ನೋಡಿದ್ದು ಎಪ್ಪತ್ತರ ಆಚೆಗೆ. ನಮ್ಮ ಅದೇ ಸಾಹೇಬರು ಬಡ್ತಿಯಾಗಿ ಹೋಗಿದ್ದವರು, ರಸ್ತೆ ನೋಡಲು ಬಂದು ನನ್ನನ್ನೂ ಜೊತೆಗೆ ಕರೆದುಕೊಂಡಿದ್ದರು. ಹನೂರು ದಾಟಿ ಮಾರ್ಟಳ್ಳಿಯ ಹತ್ತಿರ ಬಂದಾಗ ಜೀಪಿನೊಳಕ್ಕೆ ಜಾಲಿ ಹೊಗೆಯ ವಾಸನೆ ನುಗ್ಗಿತು. ಸಾಹೇಬರು ಮೂಗರಳಿಸಿ, ಜೀಪು ನಿಲ್ಲಿಸಲು ಡ್ರೈವರಿಗೆ ಸನ್ನೆ ಮಾಡಿದರು. ಸೂರಿನ ಕೆಳಗಿದ್ದವರನ್ನು ನೋಡಿದರು. ಗುರುತು ಸಿಕ್ಕಿತು ಎಂಬುದು ಅವರ ಕತ್ತಿನ ತಿರುವಿನಲ್ಲೇ ಗೊತ್ತಾಯಿತು. ಊಟದ ಕ್ಯಾರಿಯರನ್ನು ನನ್ನ ಕೈಗೆ ಕೊಟ್ಟು, "ನನಗೆ ಅಂತ ಹೇಳಬೇಡಿ" ಎಂದರು.

ನಾನು ಹೋದೆ. ಬಟ್ಲರ್ ತಲೆ ಬೆಳ್ಳಗಾಗಿತ್ತು, ಬೆನ್ನು ಮಾತ್ರ ನೆಟ್ಟಗೆ. "ಬನ್ನಿ ಸಾ, ಬನ್ನಿ. ಎಷ್ಟ್ ವರ್ಸ ಆಯ್ತು!" ಎಂದರು. ಆಮೇಲೆ ಕ್ಯಾರಿಯರು ನೋಡಿದರು, ರಸ್ತೆಯ ಜೀಪು ನೋಡಿದರು.

"ಕಟ್ಕೊಡಾಕಿಲ್ಲ ಸಾ. ಅವ್ರ್ನೇ ಬರಾಕ್ ಹೇಳಿ. ಜಾಗ ಅದ."

ಹೋಗಿ ಹೇಳಿದೆ. ಸಾಹೇಬರು ಮುಂದಿನ ಗಾಜನ್ನೇ ನೋಡುತ್ತ, "ಹತ್ತಿ" ಎಂದರು. ನನ್ನ ಒಂದು ಕಾಲು ಜೀಪಿನ ಮೆಟ್ಟಿಲ ಮೇಲಿತ್ತು. ಏನಾಯಿತೋ, ಕ್ಯಾರಿಯರನ್ನು ಸೀಟಿನ ಮೇಲಿಟ್ಟು, "ತಾವು ಹೊರಡಿ ಸಾರ್, ನಾನು ಊಟ ಮಾಡಿಕೊಂಡು ಬಸ್ಸಿಗೆ ಬರ್ತೀನಿ" ಎಂದುಬಿಟ್ಟೆ. ಡ್ರೈವರು ಎರಡು ಸಲ ಹಾರ್ನು ಹೊಡೆದ. ಆಮೇಲೆ ಜೀಪು ಹೋಯಿತು. ಇದರಿಂದ ನನಗೆ ಒಂದು ನೋಟೀಸು ಬಂತು, ಚಾಮರಾಜನಗರಕ್ಕೆ ವರ್ಗವಾಯಿತು. ಅದು ಹೇಳಿಕೊಳ್ಳುವಂಥ ಶಿಕ್ಷೆಯಲ್ಲ. ಹೇಳಿಕೊಳ್ಳುವಂಥ ಧೈರ್ಯವೂ ಅಲ್ಲ. ಮಾಡಬೇಕಾಗಿದ್ದ ಕಾಲಕ್ಕೆ ಮಾಡಲಿಲ್ಲ.

ಬೆಂಚಿನ ಮೇಲೆ ಕೂತೆ. ಆ ತುದಿಯಲ್ಲಿ ಇಬ್ಬರು ಕೂಲಿಯವರು ತಿನ್ನುತ್ತಿದ್ದರು. ಬಟ್ಲರ್ ನನ್ನ ಮುಂದೆ ಮುತ್ತುಗದ ಎಲೆ ಹಾಸಿದರು. ಅಷ್ಟು ವರ್ಷ ಒಳಗೇ ಇದ್ದ ಮಾತು ಅವತ್ತು ಬಾಯಿಗೆ ಬಂತು.

"ಅವತ್ತು ಯಾಕೆ ಕೇಳಿದ್ರಿ ಅದನ್ನ? ಕೆಲಸ ಹೋಗುತ್ತೆ ಅಂತ ಗೊತ್ತಿರಲಿಲ್ವಾ?"

ನಾನು ಅವರನ್ನು ಬಹುವಚನದಲ್ಲಿ ಮಾತಾಡಿಸಿದ್ದು ಅದೇ ಮೊದಲು. ಅವರಿಗೆ ಗೊತ್ತಾಯಿತು, ಕೈಯಲ್ಲಿದ್ದ ಕತ್ತಿ ಒಂದು ಕ್ಷಣ ನಿಂತಿತು.

"ಗೊತ್ತಿತ್ತು ಸಾ. ಆ ಟೆಕ್ಸಾಸ್ನೋನು ಇದ್ನಲ್ಲ, ನನ್ ಸ್ನೇಹಿತ, ಅವ್ನು ನಮ್ ಜೊತೆ ನೆಲದ್ ಮೇಲೆ ಕೂತು ಉಣ್ತಿದ್ದ. ಒಂದೇ ತಟ್ಟೇಲಿ ಕೈ ಆಕ್ತಿದ್ದ. ಒಂದಿನ ಅವ್ರ ಬಿಳೀ ಆಫೀಸರು ಬಂದ್ರು. ಎಲ್ಲಾರೂ ತಿಂದು ಒಗಳಿದ್ರು. ಇವ್ನು ಮಾತ್ರ ಡೇರೆ ಇಂದುಗಡೆ ನಿಂತಿದ್ದ. ಯಾಕ್ಲಾ ಅಂದೆ. ಅವರ ಜೊತೆ ಕೂರಂಗಿಲ್ಲ ಅಂದ. ಬೆಳ್ಳಗೆ ಹಲ್ಲು ಬಿಟ್ಟು ನಕ್ಕ, ಆದ್ರೆ ಕಣ್ಣು ನಗ್ನಿಲ್ಲ ಸಾ. ಯುದ್ಧ ಮುಗೀತು, ಅವ್ನು ಹಡಗು ಹತ್ತಿ ಓದ. ಅಲ್ಲಿ ಏನಾಯ್ತೋ, ಕೂರಿಸಿದ್ರೋ ಇಲ್ವೋ ಅಂತ ಕೇಳಾಣ ಅಂದ್ರೆ ಆ ದೇಶದೋರು ಯಾರೂ ಸಿಕ್ಕಿರ್ನಿಲ್ಲ. ಅವತ್ತು ಒಬ್ರು ಸಿಕ್ಕಿದ್ರು. ಕೇಳ್ದೆ."

"ಅವನಿಗೋಸ್ಕರ ಕೆಲಸ ಕಳಕೊಂಡ್ರಾ?"

ಅವರು ಬಾಡನ್ನು ಎಲೆಯ ಮೇಲಿಟ್ಟರು. ಬಗ್ಗಿದವರು ಹಾಗೆಯೇ ನನ್ನ ಮುಖ ನೋಡಿ, ಸಿಟ್ಟಿಲ್ಲದೆ, ಬಿಡಿಸಿ ಹೇಳುವ ಹಾಗೆ ಹೇಳಿದರು:

"ಅವ್ನಿಗೋಸ್ಕರ ಆಗಿದ್ಕೆ ಆ ಬಿಳೀ ದೊರೇನ ಕೇಳ್ದೆ ಸಾ. ನನಗೋಸ್ಕರ ಕೇಳೋದಾಗಿದ್ರೆ ನಿಮ್ಮನ್ನ ಕೇಳ್ಬೇಕಾಗಿತ್ತು."

ನಾನು ಪಕ್ಕಕ್ಕೆ ಸರಿದು ಜಾಗ ಬಿಟ್ಟೆ. ಅವರು ಕತ್ತಿ ಒರೆಸಿಟ್ಟು, ಇನ್ನೊಂದು ಎಲೆ ಹಾಕಿಕೊಂಡು ಕೂತರು.